ಸೀತನಿಯ ಸಿಹಿ, ಅಂಬಲಿಯ ಹುಳಿ, ಜೋಳದ ಬಿಯರು

ರಾಯಚೂರು ಸೀಮೆಯ ಮಸ್ಕಿ, ಲಿಂಗಸುಗೂರು ಕಡೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಹಾಲುಗಾಳು ಕಟ್ಟುವುದು ಚಳಿಗಾಲದಲ್ಲಿ. ಆಗ ಸೀತನಿಯ ಕಾಲ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಚಟ್ನಿಯ ಜೊತೆ ತಿನ್ನಬೇಕು. ಕಾಳು ಸಿಹಿ. ಅದೇ ತೆನೆ ಬಲಿತ ಮೇಲೆ ಕಾಳು ಕಡಿದು ನೋಡಿದರೆ ಆ ಸಿಹಿ ಇರುವುದಿಲ್ಲ. ಎಳೆಗಾಳಿನ ಸಕ್ಕರೆಯನ್ನೆಲ್ಲ ಗಿಡ ಪೋಣಿಸಿ ಪಿಷ್ಟ ಮಾಡಿ ಕೂಡಿಟ್ಟಿರುತ್ತದೆ.

ಬೆಂಗಳೂರಿನ ಮೈಕ್ರೋಬ್ರೂವರಿಗಳ ರುಚಿ ಹತ್ತಿದ ಗಂಡ-ಹೆಂಡತಿ ಚಳಿಗಾಲದ ರಜೆಗೆ ಈ ಸೀಮೆಗೆ ಬಂದರೆ ‘ಇಲ್ಲಿಯದೇ ಬಿಯರ್ ಯಾವುದು’ ಎಂದು ಕೇಳುವುದು ಸಹಜ. ನನ್ನ ಹೆಂಡತಿಯೂ ಕೇಳಿದಳು. ಸಿಂಧನೂರಿನ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ, ಈ ಕಡೆ ಜೋಳ, ತೊಗರಿ. ಬಾರ್ಲಿ ಇಲ್ಲಿಯ ಬೆಳೆಯಲ್ಲ. ಆದರೆ ಜೋಳವನ್ನೇ ಬಿಯರ್ ಮಾಡುವ ವಿದ್ಯೆ ಜೋಳದ ತವರಾದ ಆಫ್ರಿಕಾದಲ್ಲಿ ಬಹಳ ಹಳೆಯದು.

ಯೀಸ್ಟ್ ಪಿಷ್ಟವನ್ನು ತಿನ್ನಲಾರದು, ಅದಕ್ಕೆ ಸಕ್ಕರೆಯೇ ಬೇಕು. ಪಿಷ್ಟವನ್ನು ಮತ್ತೆ ಸಕ್ಕರೆ ಮಾಡುವ ಉಪಾಯ ಕಾಳಿನೊಳಗೇ ಇದೆ. ನೆನೆಸಿ ಮೊಳಕೆ ಬರಿಸಿದರೆ ಎರಡು ಕಿಣ್ವಗಳು ಕೆಲಸಕ್ಕಿಳಿಯುತ್ತವೆ. ಆಲ್ಫಾ ಅಮೈಲೇಸ್ ಪಿಷ್ಟದ ಉದ್ದ ಸರಪಳಿಯನ್ನು ಎಲ್ಲೆಂದರಲ್ಲಿ ತುಂಡರಿಸುತ್ತದೆ. ಬೀಟಾ ಅಮೈಲೇಸ್ ತುದಿಯಿಂದ ಎರಡೆರಡೇ ಕೊಂಡಿ ಕಳಚಿ ಮಾಲ್ಟೋಸ್ ಸಕ್ಕರೆ ಕೊಡುತ್ತದೆ. ಜೋಳದ ಮೊಳಕೆಯಲ್ಲಿ ಈ ಎರಡನೆಯದು ಬಾರ್ಲಿಗಿಂತ ಬಹಳ ಕಡಿಮೆ. ಇನ್ನೊಂದು ತೊಡಕು ಬಿಸಿಯದು. ಬಾರ್ಲಿಯ ಪಿಷ್ಟ ಸುಮಾರು 60 ಡಿಗ್ರಿಗೇ ಗಂಜಿಯಾಗುತ್ತದೆ, ಜೋಳಕ್ಕೆ 70 ದಾಟಬೇಕು. ಅಷ್ಟು ಬಿಸಿಗೆ ಬೀಟಾ ಅಮೈಲೇಸ್ ಕೆಟ್ಟುಹೋಗುತ್ತದೆ. ಆಫ್ರಿಕಾದ ಹೆಂಗಸರು ಕಂಡುಕೊಂಡ ದಾರಿ ನನಗೆ ತುಂಬ ಇಷ್ಟ: ಮೊದಲು ಗಂಜಿ ಕುದಿಸಿ, ಆರಿಸಿ, ಆಮೇಲೆ ಮೊಳಕೆಹಿಟ್ಟು ಬೆರೆಸುವುದು. 1988ರಲ್ಲಿ ನೈಜೀರಿಯಾ ಸರ್ಕಾರ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಆಮದು ನಿಲ್ಲಿಸಿದಾಗ ಅಲ್ಲಿಯ ದೊಡ್ಡ ಬ್ರೂವರಿಗಳೂ ಜೋಳಕ್ಕೆ ಹೊರಳಿದವು. ಕಡಿಮೆ ಬಿದ್ದ ಕಿಣ್ವವನ್ನು ಹೊರಗಿನಿಂದ ಸೇರಿಸಿಕೊಂಡವು.

ದಕ್ಷಿಣ ಆಫ್ರಿಕಾದ ‘ಉಮ್ಕೊಂಬೊಥಿ’ ಎಂಬ ಮಂದ ಬಿಯರ್ ಮೊದಲು ಹುಳಿಯಾಗುತ್ತದೆ, ಆಮೇಲೆ ಅಮಲೇರುತ್ತದೆ. ಆ ಹುಳಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ ಕೆಲಸ. ಎಳ್ಳಮಾವಾಸ್ಯೆಗೆ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಲು ಹೊಲಕ್ಕೆ ಹೊರುವ ಅಂಬಲಿಗೆ ಹುಳಿ ಬರಿಸುವುದೂ ಇದೇ ಬಳಗ. ಚಳಿಗೆ ಅದು ನಿಧಾನ. ಗಡಿಗೆಯನ್ನು ಒಲೆಯ ಬದಿಗಿಟ್ಟರೆ ಬೇಗ ಹುಳಿ ಬರುತ್ತದೆ. ಯೀಸ್ಟಿನ ಸ್ವಭಾವ ಬೇರೆ. ಏಲ್ ಬಗೆಯ ಬಿಯರಿಗೆ 18ರಿಂದ 22 ಡಿಗ್ರಿ ಹಿತ, ಇಲ್ಲಿಯ ಜನವರಿ ರಾತ್ರಿಗಳು ಅದಕ್ಕೆ ಹತ್ತಿರ. ಬೇಸಿಗೆಯ 40 ಡಿಗ್ರಿಯಲ್ಲಿ ಹುದುಗಿಸಿದರೆ ಗಂಟಲು ಸುಡುವ ಒರಟು ಮದ್ಯಸಾರಗಳೇ ಹೆಚ್ಚು.

ಒಂದು ಎಚ್ಚರವನ್ನು ಈ ಭಾಗದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಜೋಳದ ಎಳೆ ಪೈರು ಮೇಯ್ದ ದನ ಸಾಯಬಹುದೆಂದು ಅವರಿಗೆ ಗೊತ್ತು. ಅದರಲ್ಲಿರುವ ಧುರ್ರಿನ್ ಒಡೆದು ಸಯನೈಡ್ ಬಿಡುತ್ತದೆ. ಮೊಳಕೆಯಲ್ಲೂ ಇದು ಉಂಟು. ಹಾಗಾಗಿ ಮಾಲ್ಟ್ ಮಾಡುವಾಗ ಚೆನ್ನಾಗಿ ಒಣಗಿಸಿ, ಬೇರು-ಮೊಳಕೆ ಉಜ್ಜಿ ತೆಗೆಯಲೇಬೇಕು.

ಮಾಲದಂಡಿಯಂಥ ನಮ್ಮ ಹಿಂಗಾರಿ ತಳಿಗಳನ್ನು ರೊಟ್ಟಿಗೂ ಮೇವಿಗೂ ನೋಡಿ ಆರಿಸಿದ್ದು, ಮೊಳಕೆಯ ಕಿಣ್ವಬಲ ನೋಡಿ ಅಲ್ಲ. ರಾಯಚೂರು ಸೀಮೆಗೆ ತನ್ನದೇ ಬಿಯರ್ ಬೇಕಿದ್ದರೆ ಮೊದಲು ಅಳೆಯಬೇಕಾದದ್ದು ಅದನ್ನೇ, ತಳಿ ತಳಿಗೂ ಬೇರೆಯಾಗಿ.