ಒಂಟೆ ಸಫಾರಿ: ಬುಕ್ ಮಾಡೋ ಮುಂಚೆ ಒಂದು ಲೆಕ್ಕ

ನಾನು ರುದ್ರಪಟ್ಟಣದವನು, ಮರಳು ಅಂದ್ರೆ ನಮಗೆ ಕಾವೇರಿ ದಂಡೆ, ಹೆಚ್ಚೆಂದ್ರೆ ತಲಕಾಡಿನ ದಿಬ್ಬ. ಜೈಸಲ್ಮೇರ್‌ನಿಂದ ಸುಮಾರು 40 ಕಿಲೋಮೀಟರ್ ದೂರದ ಸಮ್‌ನಲ್ಲಿ ಒಂಟೆ ಹತ್ತಿದಾಗ, ಬಿಕಾಂ ಓದಿದ ತಲೆ ಲೆಕ್ಕಕ್ಕೆ ಇಳೀತು: ಈ ಒಂಟೆ ಸಾಕೋದು ಗಿಟ್ಟುತ್ತಾ?

2012ರ ಜಾನುವಾರು ಗಣತಿಯಲ್ಲಿ ದೇಶದಲ್ಲಿ ಸುಮಾರು 4 ಲಕ್ಷ ಒಂಟೆಗಳಿದ್ದವು. 2019ಕ್ಕೆ ಎರಡೂವರೆ ಲಕ್ಷ. ಹೊಲಕ್ಕೆ ಟ್ರ್ಯಾಕ್ಟರ್ ಬಂತು, ಗಾಡಿ ಎಳೆಯೋ ಕೆಲಸ ಹೋಯ್ತು, ಮೇಯೋ ಜಾಗವೂ ಕುಗ್ಗಿತು. ರಾಜಸ್ಥಾನ 2014ರಲ್ಲಿ ಒಂಟೆಯನ್ನ ರಾಜ್ಯಪ್ರಾಣಿ ಮಾಡಿತು. 2015ರಲ್ಲಿ ವಧೆ ನಿಷೇಧಿಸಿ, ಹೊರರಾಜ್ಯಕ್ಕೆ ಸಾಗಿಸೋದಕ್ಕೂ ಕಡಿವಾಣ ಹಾಕಿತು. ಉದ್ದೇಶ ಒಳ್ಳೇದೇ. ಆದ್ರೆ ಕೊಳ್ಳೋರು ಕಡಿಮೆಯಾಗಿ ಬೆಲೆ ಬಿತ್ತು. ತಲೆಮಾರುಗಳಿಂದ ಒಂಟೆ ಸಾಕ್ತಿರೋ ರೈಕಾ ಸಮುದಾಯಕ್ಕೇ ಪೆಟ್ಟು. ಮಾರೋಕಾಗದ ಆಸ್ತಿಗೆ ಯಾರು ಮೇವು ಹಾಕ್ತಾರೆ, ಹೇಳಿ?

ಸಫಾರಿ ದುಡ್ಡು ಬರೋದು ಹೆಚ್ಚಾಗಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಮೇವು ಮಾತ್ರ 12 ತಿಂಗಳೂ ಬೇಕು. ಹಾಗಾಗಿ ಪ್ಯಾಕೇಜ್ ತಗೊಳ್ಳುವಾಗ ಒಂಟೆಯವರ ಕೈಗೆ ಎಷ್ಟು ಹೋಗುತ್ತೆ ಅಂತ ಕೇಳಿ. ಮೂಗಿನ ಹತ್ರ ಗಾಯ ಇದ್ರೆ, ಕುಂಟ್ತಿದ್ರೆ ಹತ್ತಬೇಡಿ. ಹತ್ತಿದ ಮೇಲೆ ಹಿಂದಕ್ಕೆ ವಾಲಿ ಗಟ್ಟಿಯಾಗಿ ಹಿಡ್ಕೊಳ್ಳಿ. ಒಂಟೆ ಏಳುವಾಗ ಮೊದಲು ಎತ್ತೋದು ಹಿಂಗಾಲು, ನೀವು ಮುಂದಕ್ಕೆ ಮುಗ್ಗರಿಸ್ತೀರ!