ಮಧ್ಯಸ್ಥನ ಸ್ಥಾನ: ಗಾಜನೂರಿನ 108 ದಿನಗಳು, ಓಸ್ಲೋದ 7 ವರ್ಷಗಳು

'ಮಧ್ಯಸ್ಥ' ಎಂಬ ಪದ ನಮ್ಮ ಬೋಧನೆಯಲ್ಲಿ ಎಷ್ಟು ರೂಢವಾಗಿದೆಯೆಂದರೆ ಅದರ ಅರ್ಥವನ್ನು ವಿಚಾರಿಸುವ ಪ್ರಮೇಯವೇ ಬರುವುದಿಲ್ಲ. ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಆಧಾರದಿಂದ ಅದನ್ನು ಕ್ರಿಸ್ತನಿಗೆ ಸಲ್ಲಿಸುತ್ತೇವೆ. ಹೊಲದ ಬದುವಿನ ವ್ಯಾಜ್ಯ ತೀರಿಸುವ ಊರ ಹಿರಿಯನಿಗೂ, ರಾಷ್ಟ್ರಗಳ ನಡುವೆ ಓಡಾಡುವ ರಾಯಭಾರಿಗೂ ಅದನ್ನೇ ಬಳಸುತ್ತೇವೆ. ಇಸ್ರೇಲಿಗರ ಮತ್ತು ಪ್ಯಾಲೆಸ್ಟೀನಿಯರ ನಡುವಣ ಹಿಂಸೆಯನ್ನು ಕೊನೆಗಾಣಿಸಲು ನಡೆದ ಅಂತರರಾಷ್ಟ್ರೀಯ ಸಂಧಾನಗಳು ಏಕೆ ಮತ್ತೆ ಮತ್ತೆ ಮುರಿದುಬಿದ್ದವು ಎಂಬುದನ್ನು ಈ ಪದದ ಬೆಳಕಿನಲ್ಲಿ ವಿವರಿಸುವುದು ಇಲ್ಲಿಯ ಉದ್ದೇಶ. ಅದಕ್ಕೆ ಮೊದಲು ನಮ್ಮ ಸೀಮೆಯಲ್ಲೇ ನಡೆದ ಒಂದು ಸಂಧಾನವನ್ನು ನೋಡುವುದು ಒಳ್ಳೆಯದು. ದೂರದ ಯುದ್ಧದ ವಿಷಯದಲ್ಲಿ ಒಂದು ಪಕ್ಷವನ್ನು ಹಿಡಿದುಬಿಡುವುದು ಸುಲಭ. ಹತ್ತಿರದ ಘಟನೆ ಅಷ್ಟು ಸುಲಭಕ್ಕೆ ಎಡೆಗೊಡುವುದಿಲ್ಲ.

ಚಾಮರಾಜನಗರದಿಂದ ಸತ್ಯಮಂಗಲದತ್ತ ಸಾಗುವ ಹೆದ್ದಾರಿ ಪುಣಜನೂರಿನ ತನಿಖಾ ಠಾಣೆಯನ್ನು ದಾಟಿ ಕಾಡಿನೊಳಗೇ ತಮಿಳುನಾಡನ್ನು ಸೇರುತ್ತದೆ. ಮರಗಳಿಗೆ ಆ ಗಡಿ ತಿಳಿಯದು. ಆಚೆ ಬದಿಯ ತಾಳವಾಡಿ ಸೀಮೆಯಲ್ಲಿ ಇಂದಿಗೂ ಕನ್ನಡವೇ ಹೆಚ್ಚಾಗಿ ಮನೆಮಾತು. ಆ ಸೀಮೆಯ ದೊಡ್ಡಗಾಜನೂರಿನ ತೋಟದ ಮನೆಯಿಂದ 2000ದ ಜುಲೈ 30ರ ರಾತ್ರಿ ವೀರಪ್ಪನ್ ಡಾ. ರಾಜ್‌ಕುಮಾರ್ ಅವರನ್ನೂ ಅವರ ಜೊತೆಗಿದ್ದ ಮೂವರನ್ನೂ ಅಪಹರಿಸಿದನು. ಅದಕ್ಕೆ ಐದು ದಿನ ಮುಂಚೆ, ಜುಲೈ 25ರಂದು, ಅಮೆರಿಕದ ಕ್ಯಾಂಪ್ ಡೇವಿಡ್‌ನಲ್ಲಿ ಎಹುದ್ ಬರಾಕ್ ಮತ್ತು ಯಾಸರ್ ಅರಾಫತ್ ನಡುವಣ ಮಾತುಕತೆ ಫಲವಿಲ್ಲದೆ ಮುಗಿದಿತ್ತು. ಕಾಡಿನಲ್ಲಿ ಸಂಧಾನ ನಡೆಯುತ್ತಿದ್ದಾಗಲೇ, ಸೆಪ್ಟೆಂಬರ್ 28ರ ನಂತರ, ಯೆರೂಸಲೇಮಿನಲ್ಲಿ ಎರಡನೆಯ ಇಂತಿಫಾದಾ ಹೊತ್ತಿಕೊಂಡಿತು. ಇದು ಕೇವಲ ಕಾಕತಾಳೀಯ. ಆದರೂ ಎರಡನ್ನೂ ಒಟ್ಟಿಗೆ ಓದಲು ಅದೊಂದು ನೆಪ.

ಎಸ್. ಎಂ. ಕೃಷ್ಣ ಮತ್ತು ಎಂ. ಕರುಣಾನಿಧಿ ಅವರ ಸರ್ಕಾರಗಳು 'ನಕ್ಕೀರನ್' ಪತ್ರಿಕೆಯ ಸಂಪಾದಕ ಆರ್. ಆರ್. ಗೋಪಾಲ್ ಅವರನ್ನು ದೂತರನ್ನಾಗಿ ಕಳುಹಿಸಿದವು. ಕೊನೆಯ ಹಂತದಲ್ಲಿ ಪಿ. ನೆಡುಮಾರನ್ ಮೊದಲಾದವರೂ ಕಾಡಿಗೆ ಹೋದರು. ಅಪಹರಣಕಾರನ ಬೇಡಿಕೆಗಳು ಗಮನಾರ್ಹ: ಕಾವೇರಿ ನೀರು, 1991ರ ಗಲಭೆಯ ಸಂತ್ರಸ್ತರಿಗೆ ಪರಿಹಾರ, ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಟಾಡಾ ಕಾಯ್ದೆಯಡಿ ಮೈಸೂರಿನ ಸೆರೆಮನೆಯಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದವರ ಬಿಡುಗಡೆ. ಆ ಸೆರೆಯಾಳುಗಳಲ್ಲಿ ಬಹುಪಾಲು ಮಂದಿ ಕಾಡಂಚಿನ ಬಡವರು. ಅವರ ನಿಜವಾದ ನೋವು ಒಬ್ಬ ಕೊಲೆಗಾರನ ಕೈಯ ದಾಳವಾಯಿತು. ಅವರ ಪರವಾಗಿ ಕೇಳಬೇಕಾದವರು ಆ ಮೊದಲೇ ಕೇಳಿದ್ದರೆ ದಾಳಕ್ಕೆ ಬೆಲೆಯೇ ಇರುತ್ತಿರಲಿಲ್ಲ.

ಸರ್ಕಾರಗಳು ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಲು ಒಪ್ಪಿದವು. ಆಗ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದವರು ಅಬ್ದುಲ್ ಕರೀಂ ಎಂಬ ವೃದ್ಧ ತಂದೆ. ಅವರ ಮಗ, ಪೊಲೀಸ್ ಅಧಿಕಾರಿ ಶಕೀಲ್ ಅಹ್ಮದ್, 1992ರ ಆಗಸ್ಟ್‌ನಲ್ಲಿ ಮೀಣ್ಯದ ಬಳಿ ವೀರಪ್ಪನ್ ತಂಡದ ಗುಂಡಿಗೆ ಬಲಿಯಾಗಿದ್ದರು. 2000ದ ನವೆಂಬರ್ 7ರಂದು ನ್ಯಾಯಾಲಯ ಮೊಕದ್ದಮೆಗಳ ಹಿಂತೆಗೆತವನ್ನು ರದ್ದುಪಡಿಸಿತು. ಎಂಟು ದಿನಗಳ ನಂತರ, ನವೆಂಬರ್ 15ರಂದು, 108 ದಿನಗಳ ಸೆರೆ ಮುಗಿದು ರಾಜ್‌ಕುಮಾರ್ ಬಿಡುಗಡೆಯಾದರು.

ನಾಡು ನಿಟ್ಟುಸಿರು ಬಿಟ್ಟಿತು, ಬಿಡಬೇಕಾದದ್ದೇ. ಒಂದು ಜೀವ ಉಳಿಸಲು ಅಪರಾಧಿಯೊಡನೆ ಮಾತನಾಡುವುದು ತಪ್ಪೆಂದು ನಾನು ಭಾವಿಸುವುದಿಲ್ಲ. ಆದರೆ ಆ ಸಂಧಾನದಲ್ಲಿ ಇಬ್ಬರಿಗೆ ಸ್ಥಾನವಿರಲಿಲ್ಲ: ಮಗನನ್ನು ಕಳೆದುಕೊಂಡ ತಂದೆಗೆ, ಮತ್ತು ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ಬಡವನಿಗೆ. ಒಬ್ಬನ ಬೇಡಿಕೆ ಇನ್ನೊಬ್ಬನ ಬೇಡಿಕೆಗೆ ವಿರುದ್ಧವೆಂದು ಆಗ ತೋರಿತು. ನಿಜದಲ್ಲಿ ಇಬ್ಬರೂ ಕೇಳುತ್ತಿದ್ದದ್ದು ಒಂದನ್ನೇ, ನಡೆದದ್ದೇನೆಂದು ಯಾರಾದರೂ ನಿರ್ಣಯಿಸಿ ಹೇಳಬೇಕೆಂದು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ಟಾಡಾ ಆರೋಪಿಗಳಲ್ಲಿ ಬಹುಪಾಲು ಮಂದಿಯನ್ನು ಖುಲಾಸೆಗೊಳಿಸಿತು. ಕಾರ್ಯಪಡೆಯ ದೌರ್ಜನ್ಯಗಳನ್ನು ನ್ಯಾಯಮೂರ್ತಿ ಎ. ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 89 ಸಂತ್ರಸ್ತರಿಗೆ ಪರಿಹಾರ ಕೊಡಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಹೇಳಿದ್ದು 2007ರಲ್ಲಿ. ಅಷ್ಟರೊಳಗೆ ಇನ್ನೊಂದು ಬಲಿ ಬಿದ್ದಿತ್ತು. ಮಾಜಿ ಸಚಿವ ಎಚ್. ನಾಗಪ್ಪ ಅವರನ್ನು 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಒಯ್ದರು. ಡಿಸೆಂಬರ್ 8ರಂದು ಅವರ ಶವ ಕಾಡಿನಲ್ಲಿ ದೊರೆಯಿತು.

ಒಬ್ಬ ಕಾಡುಗಳ್ಳನ ಪ್ರಕರಣವನ್ನು ಎರಡು ಜನಾಂಗಗಳ ಹಣೆಬರಹಕ್ಕೆ ಹೋಲಿಸಲಾಗದು. ಆ ಅರ್ಥದಲ್ಲಿ ನಾನು ಹೋಲಿಸುತ್ತಲೂ ಇಲ್ಲ. ಹೋಲುವುದು ಸಂಧಾನದ ರಚನೆ. 1993ರ ಸೆಪ್ಟೆಂಬರ್ 13ರಂದು ವಾಷಿಂಗ್ಟನ್‌ನಲ್ಲಿ ಸಹಿಯಾದ ತತ್ವಗಳ ಘೋಷಣೆಯನ್ನು ನಾರ್ವೆಯ ಮಧ್ಯಸ್ಥರು ತಿಂಗಳುಗಟ್ಟಲೆ ಗುಟ್ಟಾಗಿ ರೂಪಿಸಿದ್ದರು. ಅವರ ಸಾಧನೆಯನ್ನು ಹೀಗಳೆಯುವುದು ಸಲ್ಲದು: ಪರಸ್ಪರರ ಹೆಸರನ್ನೂ ಎತ್ತದಿದ್ದವರು ಕೈ ಕುಲುಕಿದರು. ಆದರೆ ಕೊಟ್ಟ ಮಾನ್ಯತೆ ಸಮವಾಗಿರಲಿಲ್ಲ. ಅರಾಫತ್ ತಮ್ಮ ಪತ್ರದಲ್ಲಿ ಇಸ್ರೇಲ್ ರಾಷ್ಟ್ರದ ಅಸ್ತಿತ್ವದ ಹಕ್ಕನ್ನು ಒಪ್ಪಿದರು. ರಾಬಿನ್ ತಮ್ಮ ಪತ್ರದಲ್ಲಿ ಒಪ್ಪಿದ್ದು ಪ್ಯಾಲೆಸ್ಟೀನ್ ವಿಮೋಚನಾ ಸಂಘಟನೆಯನ್ನು ಆ ಜನರ ಪ್ರತಿನಿಧಿಯೆಂದು ಮಾತ್ರ. ಯೆರೂಸಲೇಮ್, ನಿರಾಶ್ರಿತರು, ವಸಾಹತುಗಳು, ಭದ್ರತೆ, ಗಡಿ ಈ ಐದನ್ನೂ ಮುಂದಕ್ಕೆ ಹಾಕಲಾಯಿತು. ಮಾತು ಮುರಿದವರು ಯಾರೆಂದು ನಿರ್ಣಯಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಪಂಚಾಯ್ತಿಗೆ ಹೋಗಬೇಕಾದರೂ ಇಬ್ಬರೂ ಒಪ್ಪಬೇಕಿತ್ತು. ನಾರ್ವೆಗೆ ಒತ್ತಾಯಿಸುವ ಶಕ್ತಿಯಿರಲಿಲ್ಲ. ಶಕ್ತಿಯಿದ್ದ ಅಮೆರಿಕ ಒಂದು ಪಕ್ಷಕ್ಕೆ ಆಯುಧ ಒದಗಿಸುವ ಮಿತ್ರರಾಷ್ಟ್ರವಾಗಿತ್ತು.

ಮುಂದಿನದು ತಿಳಿದದ್ದೇ. 1994ರ ಫೆಬ್ರವರಿಯಲ್ಲಿ ಹೆಬ್ರೋನಿನ ಮಸೀದಿಯಲ್ಲಿ 29 ಮಂದಿ ಪ್ರಾರ್ಥನೆಯಲ್ಲಿದ್ದಾಗಲೇ ಹತರಾದರು. ಇಸ್ರೇಲಿನ ಬಸ್ಸುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದವು. 1995ರ ನವೆಂಬರ್ 4ರಂದು ರಾಬಿನ್ ಅವರನ್ನು ಯೆಹೂದಿ ಯುವಕನೇ ಕೊಂದನು. ಪಶ್ಚಿಮ ದಂಡೆಯ ವಸಾಹತುಗಾರರು 1993ರಲ್ಲಿ ಒಂದು ಲಕ್ಷಕ್ಕೆ ತುಸು ಮೇಲಿದ್ದವರು 2000ದ ವೇಳೆಗೆ ಎರಡು ಲಕ್ಷದ ಸಮೀಪಕ್ಕೆ ಬಂದರು. ಯಾವುದನ್ನು ಮುಂದೆ ಮಾತಾಡೋಣವೆಂದು ಬಿಟ್ಟಿದ್ದರೋ ಅದೇ ನೆಲದ ಮೇಲೆ ದಿನದಿನವೂ ತೀರ್ಮಾನವಾಗುತ್ತಿತ್ತು. ಅದೇ ವರ್ಷಗಳಲ್ಲಿ, 1995ರಲ್ಲಿ, ಮಕ್ಕಳನ್ನು ಕಳೆದುಕೊಂಡ ಹೆತ್ತವರ ವೇದಿಕೆಯೊಂದು ಹುಟ್ಟಿತು. ಕಾಲಕ್ರಮದಲ್ಲಿ ಎರಡೂ ಕಡೆಯ ಶೋಕತಪ್ತರು ಅದರಲ್ಲಿ ಒಟ್ಟಿಗೆ ಕುಳಿತರು. ರಾಯಭಾರಿಗಳ ಮೇಜಿನಲ್ಲಿ ಇಲ್ಲದವರು ಇವರೇ.

ಈಗ ಪದಕ್ಕೆ ಬರೋಣ. ಯೋಬನು ತನ್ನ ಪುಸ್ತಕದ 9ನೆಯ ಅಧ್ಯಾಯದ 33ನೆಯ ವಚನದಲ್ಲಿ, ಇಬ್ಬರ ಮೇಲೂ ಕೈಯಿಡಬಲ್ಲ ಒಬ್ಬನಿಲ್ಲವೆಂದು ಕೊರಗುತ್ತಾನೆ. ಅಲ್ಲಿರುವ ಹೀಬ್ರೂ ಪದ 'ಮೋಖೀಅಹ್'. ಅದರ ಧಾತುವಿಗೆ ತಪ್ಪನ್ನು ತೋರಿಸಿಕೊಡು, ಗದರಿಸು, ನ್ಯಾಯ ನಿರ್ಣಯಿಸು ಎಂಬ ಅರ್ಥಗಳಿವೆ. ಗ್ರೀಕ್ ಸೆಪ್ಟುವಜಿಂಟ್ ಅದನ್ನು 'ಮೆಸಿಟೇಸ್' ಎಂದು ಕರೆದು, ಒಡನೆಯೇ ತಪ್ಪನ್ನು ಬಯಲಿಗೆಳೆಯುವವನು ಎಂಬ ಪದವನ್ನೂ ಸೇರಿಸುತ್ತದೆ. ತಿಮೊಥೆಯನ ಪತ್ರಿಕೆ ಕ್ರಿಸ್ತನಿಗೆ ಕೊಡುವುದು ಈ 'ಮೆಸಿಟೇಸ್' ಎಂಬ ಹೆಸರನ್ನೇ. ಆಮೋಸನ 5:10ರಲ್ಲಿ ಊರಬಾಗಿಲಲ್ಲಿ ಜನರು ದ್ವೇಷಿಸುವುದು ಇದೇ ಮೋಖೀಅಹ್‌ನನ್ನು. ಹೀಗೆ ಶಾಸ್ತ್ರದ ಮಧ್ಯಸ್ಥನು ಎರಡು ಮನೆಗಳ ನಡುವೆ ಸಂದೇಶ ಒಯ್ಯುವವನಷ್ಟೇ ಅಲ್ಲ. ಇಬ್ಬರನ್ನೂ ಮುಟ್ಟುವನು, ಇಬ್ಬರಿಗೂ ಸತ್ಯ ಹೇಳುವನು. ಇವೆರಡರಲ್ಲಿ ಒಂದನ್ನು ಬಿಟ್ಟ ಸಂಧಾನವನ್ನು ಯೆಹೆಜ್ಕೇಲನು 13ನೆಯ ಅಧ್ಯಾಯದಲ್ಲಿ ಬಿದ್ದುಹೋಗುವ ಗೋಡೆಗೆ ಬಳಿದ ಸುಣ್ಣವೆನ್ನುತ್ತಾನೆ.

2023ರ ಅಕ್ಟೋಬರ್ 7ರಂದು ಹಮಾಸ್ ನೇತೃತ್ವದ ದಾಳಿಯಲ್ಲಿ ಸುಮಾರು 1,200 ಮಂದಿ ಹತರಾದರು, 251 ಮಂದಿ ಒತ್ತೆಯಾಳುಗಳಾದರು. ನಂತರದ ಯುದ್ಧದಲ್ಲಿ, ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 2025ರ ಅಕ್ಟೋಬರ್ ವೇಳೆಗೆ 67,000ಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಸತ್ತರು. ಕತಾರ್, ಈಜಿಪ್ಟ್ ಮತ್ತು ಅಮೆರಿಕಗಳ ಮಧ್ಯಸ್ಥಿಕೆಯಿಂದ ಕದನವಿರಾಮಗಳು ಬಂದವು: 2023ರ ನವೆಂಬರ್‌ನಲ್ಲಿ ಕೆಲವು ದಿನ, 2025ರ ಜನವರಿಯಿಂದ ಮಾರ್ಚ್‌ವರೆಗೆ, ಮತ್ತೆ ಅದೇ ಅಕ್ಟೋಬರ್‌ನಲ್ಲಿ. ಒತ್ತೆಯಾಳುಗಳು ಮನೆ ಸೇರಿದರು, ಸೆರೆಯಾಳುಗಳು ಬಿಡುಗಡೆಯಾದರು. ಗಾಜನೂರಿನ ನಿಟ್ಟುಸಿರಿನಂತೆಯೇ ಇದಕ್ಕೂ ದೇವರಿಗೆ ಸ್ತೋತ್ರ ಸಲ್ಲಬೇಕು. 1993ರಲ್ಲಿ ಮುಂದಕ್ಕೆ ಹಾಕಿದ ಐದು ಪ್ರಶ್ನೆಗಳು ಮಾತ್ರ ಹಾಗೆಯೇ ಇವೆ.

ನಮ್ಮ ಪೀಠಗಳ ವಿಷಯವಾಗಿ ಒಂದೆರಡು ಮಾತು. ಕನ್ನಡಕ್ಕೆ ಒಂದು ಅನುಕೂಲವಿದೆ: ಸತ್ಯವೇದದಲ್ಲಿ ನಾವು 'ಇಸ್ರಾಯೇಲ್' ಎಂದು ಓದುತ್ತೇವೆ, ಪತ್ರಿಕೆಗಳಲ್ಲಿ 'ಇಸ್ರೇಲ್' ಎಂದು. ಪ್ರಸಂಗಿಯು ಈ ಎರಡು ರೂಪಗಳನ್ನು ಬೆರೆಸದಿದ್ದರೆ, 1948ರಲ್ಲಿ ಸ್ಥಾಪಿತವಾದ ರಾಷ್ಟ್ರದ ಪ್ರತಿಯೊಂದು ಕ್ರಮಕ್ಕೂ ಒಡಂಬಡಿಕೆಯ ಮುದ್ರೆಯೊತ್ತುವ ಅಭ್ಯಾಸ ಅರ್ಧ ಕಡಿಮೆಯಾದೀತು. ಯೆಹೂದ್ಯರ ಮೇಲಿನ ಹಳೆಯ ಕ್ರೈಸ್ತ ದ್ವೇಷವನ್ನು ರಾಜಕೀಯದ ಹೆಸರಿನಲ್ಲಿ ಒಳಗೆ ಬಿಟ್ಟುಕೊಳ್ಳುವ ಅಪಾಯಕ್ಕೂ ಅದೇ ತಡೆ. ಗಾಜಾದ ಪವಿತ್ರ ಕುಟುಂಬ ದೇವಾಲಯದವರಿಗೆ ಪೋಪ್ ಫ್ರಾನ್ಸಿಸ್ ಬಹುತೇಕ ಪ್ರತಿ ಸಂಜೆ ಕರೆ ಮಾಡಿ ವಿಚಾರಿಸುತ್ತಿದ್ದರು. ಅದರಿಂದ ಯುದ್ಧ ನಿಲ್ಲಲಿಲ್ಲ, ಆದರೆ ಅಲ್ಲಿದ್ದವರು ಸಂಖ್ಯೆಗಳಾಗಿ ಉಳಿಯಲಿಲ್ಲ.

ಆಗಮನಕಾಲದ ಮೊದಲ ಭಾನುವಾರಕ್ಕೆ ಎ ವರ್ಷದಲ್ಲಿ ನೇಮಿತವಾದ ಪಾಠ ಯೆಶಾಯನ 2ನೆಯ ಅಧ್ಯಾಯ. ಕತ್ತಿಗಳು ಗುಳಗಳಾಗುವ ಭಾಗವನ್ನು ಎಲ್ಲರೂ ಬೋಧಿಸುತ್ತಾರೆ. ಅದೇ 4ನೆಯ ವಚನದ ಆರಂಭದಲ್ಲಿ, ಜನಾಂಗಗಳ ನಡುವೆ ಕರ್ತನು ಮಾಡುವ ಕಾರ್ಯವನ್ನು ಹೇಳುವಾಗ, ಪ್ರವಾದಿಯು ಬಳಸಿರುವುದು 'ಮೋಖೀಅಹ್'ನ ಧಾತುವನ್ನೇ. ಕುಲುಮೆಯ ಕೆಲಸ ಶುರುವಾಗುವುದು ಅದಾದ ಮೇಲೆ.