ಹನ್ನೊಂದು ತಿಂಗಳ ಕರಾರು

ಬೆಂಗಳೂರಿನಲ್ಲಿ ಬಾಡಿಗೆ ಕರಾರು ಮಾಡಿಸಲು ಇ-ಸ್ಟಾಂಪ್ ಅಂಗಡಿಗೆ ಹೋಗಿ ನೋಡಿ. ಟೈಪ್ ಮಾಡುವ ಹುಡುಗ ಮಾಲೀಕರ ಹೆಸರು ಕೇಳುತ್ತಾನೆ, ಬಾಡಿಗೆ ಕೇಳುತ್ತಾನೆ, ಅಡ್ವಾನ್ಸ್ ಕೇಳುತ್ತಾನೆ. ಅವಧಿ ಮಾತ್ರ ಕೇಳುವುದಿಲ್ಲ. ‘11 ತಿಂಗಳು’ ಎಂಬುದು ಕಂಪ್ಯೂಟರಿನಲ್ಲಿ ಮೊದಲೇ ಕೂತಿರುತ್ತದೆ.

ಅದನ್ನು ಅಲ್ಲಿ ಕೂರಿಸಿದ್ದು 1908ರ ನೋಂದಣಿ ಕಾಯ್ದೆ. ವರ್ಷ ಮೀರಿದ ಗುತ್ತಿಗೆ ಕಡ್ಡಾಯವಾಗಿ ನೋಂದಣಿಯಾಗಬೇಕು ಎನ್ನುತ್ತದೆ ಅದರ 17ನೇ ಸೆಕ್ಷನ್. ನೋಂದಣಿ ಎಂದರೆ ಸಬ್‌ರಿಜಿಸ್ಟ್ರಾರ್ ಕಚೇರಿ, ಶುಲ್ಕ, ಸಾಕ್ಷಿಗಳು, ಒಂದು ದಿನದ ರಜೆ. ಅದನ್ನು ತಪ್ಪಿಸಿಕೊಳ್ಳಲು ಹುಟ್ಟಿದ್ದು ಹನ್ನೊಂದು. ತಮಾಷೆಯೆಂದರೆ, ಸರಿಯಾಗಿ ಹನ್ನೆರಡು ತಿಂಗಳಾದರೂ ವರ್ಷ ‘ಮೀರಿದಂತೆ’ ಆಗುವುದಿಲ್ಲ. ಆದರೂ ನಮ್ಮವರು ಬೇಲಿಯಿಂದ ಒಂದು ತಿಂಗಳು ಈಚೆಗೇ ನಿಂತರು.

ಹನ್ನೊಂದೆಂದು ಬರೆದರೆ ಮನೆ ಬಿಡಿಸುವುದು ಸುಲಭ ಎಂಬ ನಂಬಿಕೆಯೂ ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಅದು ನಡೆಯುತ್ತಿರಲಿಲ್ಲ. ಮನೆ ಖಾಲಿಯಾದರೆ ಕಂಟ್ರೋಲರ್‌ಗೆ ತಿಳಿಸಬೇಕಿತ್ತು, ಅವರು ಬೇರೆಯವರಿಗೆ ಹಂಚಬಹುದಿತ್ತು. ಕರಾರಿನ ಅವಧಿ ಮುಗಿದಿದೆ ಎಂದಷ್ಟೇ ಹೇಳಿ ಯಾರನ್ನೂ ಬಿಡಿಸುವಂತಿರಲಿಲ್ಲ. ಕಾಯ್ದೆ ಪಟ್ಟಿ ಮಾಡಿದ ಕಾರಣಗಳಲ್ಲಿ ಒಂದನ್ನು ಕೋರ್ಟಿಗೆ ತೋರಿಸಬೇಕಿತ್ತು. ಈ ಅಂಜಿಕೆಗೇ ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಕೂತವು.

ಅದರ ಜಾಗಕ್ಕೆ ಬಂದ 1999ರ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಯಾಯಿತು. ಬೆಂಗಳೂರಿನಂಥ ಊರಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಅದು ಹೊರಗಿಟ್ಟಿತು. ಇವತ್ತು ಆ ದುಡ್ಡಿಗೆ ಒಂದು ಶೀಟಿನ ಮನೆ ಸಿಕ್ಕರೆ ಪುಣ್ಯ. ಹಾಗಾಗಿ ನಗರದ ಬಹುಪಾಲು ಮನೆಗಳಿಗೆ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಮತ್ತು ಆ ಕರಾರಿನ ಹಾಳೆಗಳೇ ಗತಿ. ಹತ್ತು ತಿಂಗಳ ಅಡ್ವಾನ್ಸ್, ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು, ಎಲ್ಲವೂ ಅಲ್ಲೇ ನುಸುಳಿದ್ದು. ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕೆಂದು 2021ರಲ್ಲಿ ಕೇಂದ್ರ ಸರ್ಕಾರ ಮಾದರಿ ಕಾಯ್ದೆಯೊಂದನ್ನು ಕೊಟ್ಟಿತು. ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿದರೆ ಉಂಟು.

ನನಗೆ ಹೆಚ್ಚು ಕಳವಳ ಭೋಗ್ಯದ ಮನೆಗಳದು. ತಿಂಗಳ ಬಾಡಿಗೆಯ ರಗಳೆ ಬೇಡವೆಂದು ಜನ ಒಡವೆ ಮಾರಿ, ಲಕ್ಷಗಟ್ಟಲೆ ಇಡುಗಂಟು ಕೊಟ್ಟು ಮೂರು ವರ್ಷಕ್ಕೆ ಬರುತ್ತಾರೆ. ನೋಂದಣಿ ಮಾಡಿಸೋಣವೆಂದರೆ ‘ಅದೆಲ್ಲ ಯಾಕೆ ಸಾರ್, ನಮ್ಮ ಮೇಲೆ ನಂಬಿಕೆ ಇಲ್ವಾ’ ಎನ್ನುತ್ತಾರೆ ಮಾಲೀಕರು. ಮನೆಯ ಮೇಲಿನ ಸಾಲ ತೀರದೆ ಬ್ಯಾಂಕಿನವರು ಗೇಟಿಗೆ ನೋಟಿಸು ಅಂಟಿಸಿದ ದಿನ, ಬೀರುವಿನಿಂದ ಹೊರಬರುವುದು ಮೂರು ವರ್ಷವೆಂದು ಬರೆದ, ನೋಂದಣಿಯ ಮೊಹರು ಬೀಳದ ಆ ಕಾಗದ.